ಬಾವಿಯಲ್ಲಿಟ್ಟ ಬೇಸಿಗೆ

ಮಾಗಿಯ ಬೆಳಗಿನಲ್ಲಿ ಬಾವಿಯಿಂದ ಆಗಷ್ಟೇ ಸೇದಿದ ಕೊಡದ ಬಾಯಲ್ಲಿ ಸಣ್ಣಗೆ ಹಬೆಯಾಡುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಅದೇ ಬಾವಿಯ ನೀರನ್ನು ಏಪ್ರಿಲ್ ಮಧ್ಯಾಹ್ನ ಕಾಲಿಗೆ ಹೊಯ್ದುಕೊಂಡರೆ ಜೀವಕ್ಕೆ ತಂಪು. ಬಾವಿ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಎಂದು ಹಿರಿಯರು ಹೇಳುವುದು ಅರ್ಧ ನಿಜ. ನೀರು ಇದ್ದ ಹಾಗೇ ಇರುತ್ತದೆ. ಬದಲಾಗುವುದು ಮೇಲಿನ ಗಾಳಿ ಮತ್ತು ನೀರನ್ನು ಮುಟ್ಟುವ ನಮ್ಮ ಕೈ. ನೆಲದೊಳಗೆ ಹತ್ತು ಹದಿನೈದು ಮೀಟರ್ ಇಳಿದರೆ ಋತುಗಳ ಗದ್ದಲ ಕೇಳಿಸುವುದಿಲ್ಲ. ಅಲ್ಲಿ ವರ್ಷವಿಡೀ ಒಂದೇ ಉಷ್ಣತೆ, ಹೆಚ್ಚುಕಡಿಮೆ ಆ ಊರಿನ ವಾರ್ಷಿಕ ಸರಾಸರಿಯಷ್ಟು. ಬೆಂಗಳೂರಿನಲ್ಲಾದರೆ 24 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಸ್ವೀಡನ್ನಿನ ದಕ್ಷಿಣ ತುದಿಯಲ್ಲಾದರೆ ಹತ್ತರ ಆಸುಪಾಸು.

ಹಾಗಿದ್ದರೆ ಬೇಸಿಗೆಯ ಬಿಸಿಯನ್ನು ಬಾವಿಗೆ ಸುರಿದಿಟ್ಟು ಚಳಿಗಾಲದಲ್ಲಿ ಸೇದಿಕೊಳ್ಳಬಹುದೇ? ಸ್ವೀಡನ್ನಿನ ಮಾಲ್ಮೊ ನಗರ ಇದನ್ನು ಒಂದು ಇಡೀ ಬಡಾವಣೆಗೆ ಮಾಡಿ ನೋಡಿತು. ಅದೂ ಎಂಥ ಜಾಗದಲ್ಲಿ? ಬಾಗಿಲು ಹಾಕಿದ ಶಿಪ್‌ಯಾರ್ಡಿನ ಕೊಳಕು ನೆಲದ ಮೇಲೆ.

ಆ ನೆಲದ ಕಥೆ ಮೊದಲು. ಮಾಲ್ಮೊ ಇರುವುದು ಓರೆಸುಂಡ್ ಜಲಸಂಧಿಯ ದಡದಲ್ಲಿ, ಎದುರು ದಡದಲ್ಲಿ ಕೋಪನ್‌ಹೇಗನ್. 1840ರಲ್ಲಿ ಫ್ರಾನ್ಸ್ ಹೆನ್ರಿಕ್ ಕೋಕುಮ್ ಎಂಬಾತ ಇಲ್ಲಿ ಶುರುಮಾಡಿದ ಕಬ್ಬಿಣದ ಕಾರ್ಖಾನೆ ಮುಂದೆ ಹಡಗು ಕಟ್ಟಲು ತೊಡಗಿ, ಇಪ್ಪತ್ತನೇ ಶತಮಾನದ ನಡುವಿಗೆ ಜಗತ್ತಿನ ದೊಡ್ಡ ಶಿಪ್‌ಯಾರ್ಡುಗಳ ಸಾಲಿಗೆ ಸೇರಿತು. ಊರಿಗೆ ಕೋಕುಮ್ಸ್ ಎಂದರೆ ಭದ್ರಾವತಿಗೆ ಉಕ್ಕಿನ ಕಾರ್ಖಾನೆ ಇದ್ದ ಹಾಗೆ. ಜಾಗ ಸಾಲದಾದಾಗಲೆಲ್ಲ ಸಮುದ್ರಕ್ಕೆ ಮಣ್ಣು, ಕಲ್ಲು, ಕಟ್ಟಡದ ಅವಶೇಷ ಸುರಿದು ನೆಲ ಮಾಡಿಕೊಂಡರು. ಹೀಗೆ ಬೆಳೆದ ಪಡುವಣ ಬಂದರಿಗೆ ಸ್ವೀಡಿಷ್‌ನಲ್ಲಿ ವೆಸ್ಟ್ರಾ ಹಾಮ್ನೆನ್ ಎಂದು ಹೆಸರು. ಸುಮಾರು 160 ಹೆಕ್ಟೇರ್.

1974ರಲ್ಲಿ ಕೋಕುಮ್ಸ್ ಒಂದು ಕ್ರೇನ್ ನಿಲ್ಲಿಸಿತು. ಎತ್ತರ 138 ಮೀಟರ್, ಒಮ್ಮೆಗೆ 1,500 ಟನ್ ಎತ್ತುವ ತಾಕತ್ತು. ಅದು ನಿಂತ ಗಳಿಗೆ ಮಾತ್ರ ಸರಿಯಿರಲಿಲ್ಲ. ಹಿಂದಿನ ವರ್ಷವಷ್ಟೇ ತೈಲ ಬಿಕ್ಕಟ್ಟು ಶುರುವಾಗಿತ್ತು. ತೈಲ ಸಾಗಿಸುವ ದೈತ್ಯ ಹಡಗುಗಳನ್ನು ಕೇಳುವವರೇ ಕಡಿಮೆಯಾದರು. ಇದ್ದ ಗಿರಾಕಿಗಳನ್ನು ಜಪಾನ್ ಮತ್ತು ಕೊರಿಯಾ ಎಳೆದುಕೊಂಡವು. 1986ರಲ್ಲಿ ನಾಗರಿಕ ಹಡಗು ಕಟ್ಟುವುದನ್ನು ನಿಲ್ಲಿಸುವ ನಿರ್ಧಾರವಾಯಿತು. ಬದಲಿಗೆ ಬಂದ ಸಾಬ್ ಕಂಪನಿಯ ಕಾರು ಕಾರ್ಖಾನೆ 1989ರಲ್ಲಿ ತೆರೆದು 1991ರಲ್ಲಿ ಮುಚ್ಚಿತು. ಕೊನೆಗೆ ಆ ಕ್ರೇನನ್ನು ದಕ್ಷಿಣ ಕೊರಿಯಾದ ಹ್ಯುಂಡೈ ಕಂಪನಿ ಒಂದು ಡಾಲರಿಗೆ ಕೊಂಡು, 2002ರ ಬೇಸಿಗೆಯಲ್ಲಿ ಬಿಚ್ಚಿ ಹಡಗಿಗೇರಿಸಿ ಉಲ್ಸಾನಿಗೆ ಒಯ್ದಿತು. ಅಲ್ಲಿ ಅದಕ್ಕೆ 'ಮಾಲ್ಮೊದ ಕಣ್ಣೀರು' ಎಂಬ ಹೆಸರು ಅಂಟಿತು. ಎಂಟು ಕಂಪಾರ್ಟ್‌ಮೆಂಟಿನ ರೈಲನ್ನು ಗೊಂಬೆಯಂತೆ ಎತ್ತಬಲ್ಲ ಯಂತ್ರಕ್ಕೆ ಒಂದು ಕಾಫಿಯ ಬೆಲೆಯೂ ಹುಟ್ಟದ ಸ್ಥಿತಿ ಅದು.

ಆದರೆ ಕ್ರೇನ್ ಹೋಗುವ ಹೊತ್ತಿಗೆ ಅದರ ಬುಡದಿಂದ ಕೂಗಳತೆಯಲ್ಲಿ ಜನ ಮನೆ ಮಾಡಿಕೊಂಡಿದ್ದರು. 2001ರ ಮೇ ತಿಂಗಳಲ್ಲಿ ಅಲ್ಲಿ ಯುರೋಪಿನ ಒಂದು ವಸತಿ ಪ್ರದರ್ಶನ ತೆರೆದಿತ್ತು. ಹೆಸರು ಬೂ01. ಸ್ವೀಡಿಷ್‌ನಲ್ಲಿ 'ಬೂ' ಎಂದರೆ ವಾಸಿಸು; 01 ಎಂದರೆ ಇಸವಿ. ನಮ್ಮಲ್ಲಿ ವಸ್ತುಪ್ರದರ್ಶನವೆಂದರೆ ಮುಗಿದ ಮೇಲೆ ಡೇರೆ ಕಿತ್ತು ಹೊರಡುವುದು. ಇಲ್ಲಿ ಪ್ರದರ್ಶನಕ್ಕಿಟ್ಟದ್ದೇ ಸುಮಾರು 350 ಮನೆಗಳ ಕೇರಿ, ಪ್ರದರ್ಶನ ಮುಗಿದ ಮೇಲೆ ಸಂಸಾರಗಳು ಉಳಿದುಕೊಳ್ಳುವಂಥದು. ಆಗಿನ ಮೇಯರ್ ಇಲ್ಮಾರ್ ರೇಪಾಲು ಸ್ವತಃ ವಾಸ್ತುಶಿಲ್ಪ ಓದಿದವರು. ಯೋಜನೆಯ ಮುಖ್ಯ ವಾಸ್ತುಶಿಲ್ಪಿ ಕ್ಲಾಸ್ ತಾಮ್.

ಅದೇ 2001ರ ಫೆಬ್ರವರಿ 28ರಂದು ನಮ್ಮ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ. ಮಾಲ್ಮೊ ಹೊಸ ಮನೆಗಳ ಬೀಗದ ಕೈ ಹಂಚುತ್ತಿದ್ದ ವರ್ಷ ಕೆಜಿಎಫ್‌ನಲ್ಲಿ ಸೈನೈಡ್ ಗುಡ್ಡಗಳ ದೂಳು ಯಥಾಪ್ರಕಾರ ಹಾರುತ್ತಿತ್ತು. ಹೋಲಿಕೆ ಇಷ್ಟಕ್ಕೇ ಸಾಕು. ಎರಡರ ದುಡ್ಡಿನ ಚೀಲವೂ ಬೇರೆ, ಕೊಳಕಿನ ಆಳವೂ ಬೇರೆ. ಮಾಲ್ಮೊದ ನೆಲವೂ ಶುದ್ಧವಾಗಿರಲಿಲ್ಲ. ದಶಕಗಳ ಕಾರ್ಖಾನೆಯ ಕಲ್ಮಶ ಇಂಗಿದ ಮೇಲ್ಪದರವನ್ನು ಅಗೆದು ತೆಗೆದು, ಶುದ್ಧ ಮಣ್ಣು ತಂದು ಹಾಕಿದ ಮೇಲೆಯೇ ಅಡಿಪಾಯದ ಮಾತು.

ಇನ್ನು ಬಾವಿಗೆ ಬರೋಣ. ಬೂ01ಗೆ ಇಟ್ಟುಕೊಂಡಿದ್ದ ಗುರಿ, ಕೇರಿಗೆ ಬೇಕಾದ ಶಕ್ತಿಯೆಲ್ಲ ಊರಿನ ಆಸುಪಾಸಿನಲ್ಲೇ, ಮುಗಿಯದ ಮೂಲಗಳಿಂದ ಹುಟ್ಟಬೇಕು ಎಂದು. ಸಮುದ್ರದ ಗಾಳಿಗೆ ಮೈಯೊಡ್ಡಿ ಬಂದರಿನಾಚೆ ನಿಂತ ಎರಡು ಮೆಗಾವಾಟಿನ ಗಾಳಿಯಂತ್ರ ವಿದ್ಯುತ್ ಕೊಟ್ಟಿತು. ಅದರಿಂದ ವರ್ಷಕ್ಕೆ 60 ಲಕ್ಷ ಯೂನಿಟ್‌ಗೂ ಹೆಚ್ಚು ಸಿಗುತ್ತದೆಂದು ಅಂದಾಜು ಮಾಡಿದ್ದರು. ಬಿಸಿಲಿನಿಂದ ನೇರ ವಿದ್ಯುತ್ ಮಾಡುವ ಫಲಕ 120 ಚದರ ಮೀಟರಿನಷ್ಟು ಮಾತ್ರ. ಆಗ ಅದು ದುಬಾರಿ. ನೀರು ಕಾಯಿಸುವ ಸೋಲಾರ್ ಫಲಕಗಳು 1,400 ಚದರ ಮೀಟರ್. ಆದರೂ ಸ್ವೀಡನ್ನಿನಲ್ಲಿ ಬಿಸಿಲಿಗೂ ಬಿಸಿಯ ಅಗತ್ಯಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ. ಬಿಸಿಲು ಧಾರಾಳವಾಗಿರುವುದು ಜೂನ್ ಜುಲೈಯಲ್ಲಿ, ಮನೆ ಕಾಯಿಸಬೇಕಾದ್ದು ಡಿಸೆಂಬರ್ ಜನವರಿಯಲ್ಲಿ. ನಡುವಿನ ಆರು ತಿಂಗಳು ಬಿಸಿಯನ್ನು ಎಲ್ಲಿಡುವುದು?

ಕಾಲ ಕೆಳಗೇ ಜಾಗವಿತ್ತು. ಮಾಲ್ಮೊ ನಿಂತಿರುವುದು ಸುಣ್ಣಕಲ್ಲಿನ ಮೇಲೆ. ಅದರ ಬಿರುಕು ರಂಧ್ರಗಳಲ್ಲಿ ನೀರು ತುಂಬಿದೆ. ಅಲ್ಲಿಗೆ ಹತ್ತು ಕೊಳವೆಬಾವಿ ಕೊರೆದು, ಐದನ್ನು ಬೆಚ್ಚಗಿನ ಬಾವಿ, ಐದನ್ನು ತಣ್ಣಗಿನ ಬಾವಿ ಎಂದು ವಿಂಗಡಿಸಿದರು. ಬೇಸಿಗೆಯಲ್ಲಿ ತಣ್ಣಗಿನ ಬಾವಿಯ ನೀರನ್ನು ಮೇಲೆತ್ತಿ, ಅದರ ತಂಪನ್ನು ಕಟ್ಟಡಗಳಿಗೆ ಕೊಡುತ್ತಾರೆ. ತಂಪು ಕೊಟ್ಟ ನೀರು ಕಟ್ಟಡದ ಬಿಸಿ ಹೊತ್ತು ಬರುತ್ತದೆ. ಅದನ್ನು ಚೆಲ್ಲದೆ ಬೆಚ್ಚಗಿನ ಬಾವಿಗೆ ಇಳಿಸುತ್ತಾರೆ. ಚಳಿಗಾಲ ಬಂದಾಗ ಪಂಪು ತಿರುಗುಮುರುಗು: ಬೆಚ್ಚಗಿನ ಬಾವಿಯಿಂದ ಮೇಲಕ್ಕೆ, ಬಿಸಿ ಕಳಚಿಕೊಂಡು ತಣ್ಣಗಿನ ಬಾವಿಗೆ. ಕೊಳವೆಬಾವಿ ಎಂದರೆ ನಮಗೆ ತೆಗೆಯುವುದೇ ಹೊರತು ಹಾಕುವುದಲ್ಲ. ಇಲ್ಲಿ ತೆಗೆದಷ್ಟು ನೀರೂ ಮರಳಿ ನೆಲಕ್ಕೆ ಹೋಗುತ್ತದೆ. ಬಳಕೆಯಾಗುವುದು ಅದರ ಬಿಸಿ ಅಥವಾ ತಂಪು ಅಷ್ಟೇ.

ಬೆಚ್ಚಗಿನ ಬಾವಿ ಎಂದಾಕ್ಷಣ ಸ್ನಾನದ ಹಂಡೆಯನ್ನು ಕಲ್ಪಿಸಿಕೊಳ್ಳಬೇಡಿ. ಆ ನೀರಿಗೆ ಕೈಯಿಟ್ಟರೆ ನಮಗೆ ತಣ್ಣಗೇ ಅನ್ನಿಸೀತು. ಅದರಿಂದ ಕೋಣೆ ಬೆಚ್ಚಗಾಗುವುದು ಹೀಟ್ ಪಂಪಿನ ಕೈಚಳಕ. ಹೀಟ್ ಪಂಪು ನಮ್ಮ ಅಡುಗೆಮನೆಯಲ್ಲೂ ಇದೆ, ಫ್ರಿಜ್ ಎಂಬ ಹೆಸರಿನಲ್ಲಿ. ಫ್ರಿಜ್ಜಿನ ಹಿಂಬದಿಗೆ ಕೈ ಹಿಡಿದು ನೋಡಿ, ಬಿಸಿ ತಾಕುತ್ತದೆ. ಒಳಗಿನ ಹಾಲು ಮೊಸರಿನಿಂದ ಕಿತ್ತ ಶಾಖವೇ ಅಲ್ಲಿ ಹೊರಬೀಳುತ್ತಿರುವುದು. ಹಾಲಿನ ಜಾಗದಲ್ಲಿ ಬಾವಿ ನೀರು, ಹಿಂಬದಿಯ ಜಾಗದಲ್ಲಿ ಮನೆಯ ರೇಡಿಯೇಟರ್ ಇಟ್ಟುಕೊಂಡರೆ ಬೂ01ರ ಯಂತ್ರ ಅರ್ಥವಾಯಿತು. ಕಾಯಿಲ್ ಹಾಕಿ ಬಿಸಿ ಮಾಡಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ. ಹೀಟ್ ಪಂಪು ಶಾಖವನ್ನು ಹುಟ್ಟಿಸುವ ಗೋಜಿಗೆ ಹೋಗದೆ ಇದ್ದಲ್ಲಿಂದ ಬೇಕಾದಲ್ಲಿಗೆ ಹೊರುತ್ತದೆ. ಹಾಗಾಗಿ ಒಂದು ಯೂನಿಟ್ ಕೂಲಿಗೆ ಮೂರು ಯೂನಿಟ್ಟಿನಷ್ಟು ಶಾಖ ಹೊತ್ತು ತರಬಲ್ಲದು.

ಎಷ್ಟು ಶಾಖ ಸಿಕ್ಕೀತು? ನಿಮ್ಮ ತಾರಸಿಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕನ್ನೇ ತೆಗೆದುಕೊಳ್ಳಿ. ಅದರ ನೀರು ಹತ್ತು ಡಿಗ್ರಿ ತಣ್ಣಗಾದರೆ ಬಿಟ್ಟುಕೊಡುವ ಶಾಖ 11.6 ಯೂನಿಟ್. ಎರಡು ಕಿಲೋವಾಟಿನ ಗೀಸರ್ ಸುಮಾರು ಆರು ತಾಸು ಉರಿದಷ್ಟು. ನೀರಿನಷ್ಟು ಅಗ್ಗವಾಗಿ, ನೀರಿನಷ್ಟು ಒತ್ತಾಗಿ ಶಾಖ ತುಂಬಿಕೊಳ್ಳುವ ವಸ್ತು ಇನ್ನೊಂದು ಸಿಗುವುದು ಕಷ್ಟ. ಇದನ್ನೇ ಬೆಂಗಳೂರಿನಲ್ಲಿ ಮಾಡಬಹುದಲ್ಲ ಎಂದು ಹೊರಡುವವರಿಗೆ ಎರಡು ಅಡ್ಡಿ ಹೇಳಿಬಿಡುತ್ತೇನೆ. ನಮ್ಮ ಕೆಳಗಿರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ಅದಕ್ಕಿಂತ ಮುಖ್ಯವಾಗಿ, ಕೂಡಿಡಲು ನಮ್ಮಲ್ಲಿ ಚಳಿಯೇ ಇಲ್ಲ.

ಈಗ ಒಂದು ತಕರಾರು. ಕೇರಿ ತನ್ನ ಶಕ್ತಿಯನ್ನು ತಾನೇ ದುಡಿದುಕೊಳ್ಳುತ್ತದೆ ಎಂದರೆ ಹೊರಗಿನ ತಂತಿ ಕತ್ತರಿಸಿದರೂ ನಡೆದೀತು ಎಂದು ತಿಳಿಯಬೇಕೇ? ಖಂಡಿತ ಬೇಡ. ಗಾಳಿ ಬೀಸದ ರಾತ್ರಿ ಬೂ01ರ ದೀಪ ಉರಿಯುವುದು ನಗರದ ಗ್ರಿಡ್ಡಿನಿಂದ. ಕೊರೆಯುವ ಚಳಿಯಲ್ಲಿ ನಗರದ ಬಿಸಿನೀರಿನ ಕೊಳವೆಜಾಲದಿಂದ ಶಾಖ ಕಡ ತರುವುದೂ ಉಂಟು. ಗಾಳಿ ಬಿಸಿಲು ಹೆಚ್ಚಾದ ದಿನ ಅತ್ತ ಮರಳಿಸುತ್ತದೆ. ವರ್ಷದ ಕೊನೆಯಲ್ಲಿ ಜಮಾ ಖರ್ಚು ಸರಿಹೋಗಬೇಕು, ಅಷ್ಟೇ ಕರಾರು. ಪಕ್ಕದ ಮನೆಗೆ ಸಕ್ಕರೆ ಕಡ ಕೇಳದ ಸಂಸಾರವನ್ನು ನಾವು ಸ್ವಾವಲಂಬಿ ಎನ್ನುವುದಿಲ್ಲ, ಮುಂಗೋಪಿ ಎನ್ನುತ್ತೇವೆ. ಬ್ಯಾಟರಿಗಳನ್ನು ಗುಡ್ಡೆ ಹಾಕಿ ಒಂಟಿಯಾಗಿ ಬದುಕುವ ಕಟ್ಟಡಕ್ಕಿಂತ ಕೊಟ್ಟು ತಂದು ಮಾಡುವ ಕೇರಿಯೇ ಕಡಿಮೆ ಖರ್ಚಿನದು ಎಂಬುದು ನನ್ನ ಪಕ್ಷ.

ಆದರೆ ಜಮಾ ಸರಿಹೋಗಬೇಕಾದರೆ ಖರ್ಚು ಹಿಡಿತದಲ್ಲಿರಬೇಕಲ್ಲ? ಬೂ01ರ ಮನೆಗಳು ಕಾಯಿಸಲು, ಬಿಸಿನೀರಿಗೆ, ದೀಪಕ್ಕೆ, ಅಡುಗೆಗೆ ಎಲ್ಲ ಸೇರಿ ಚದರ ಮೀಟರಿಗೆ ವರ್ಷಕ್ಕೆ 105 ಯೂನಿಟ್ ಮೀರಬಾರದು ಎಂದು ಕಟ್ಟುವವರ ಜೊತೆ ಮೊದಲೇ ಒಪ್ಪಂದವಾಗಿತ್ತು. ಸಾವಿರ ಚದರಡಿಯ ಫ್ಲಾಟಿಗೆ ಲೆಕ್ಕ ಹಾಕಿದರೆ ತಿಂಗಳಿಗೆ 800 ಯೂನಿಟ್ಟಿಗೂ ಸ್ವಲ್ಪ ಹೆಚ್ಚು. ಗೃಹಜ್ಯೋತಿಯ 200 ಯೂನಿಟ್ಟಿನಲ್ಲಿ ತಿಂಗಳು ದೂಡುವ ನಮಗೆ ಇದು ದುಂದುಗಾರಿಕೆಯಾಗಿ ಕಂಡೀತು. ಹಿಮ ಬೀಳುವ ನಾಡಿಗೆ ಅದು ಬಿಗಿ ಗುರಿ.

ಕಾಗದದ ಮೇಲೆ ಎಲ್ಲ ಕಟ್ಟಡಗಳೂ ಪಾಸಾದವು. ಜನ ಬಂದು ಉಳಿದ ಮೇಲೆ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ಮೀಟರ್ ಹಿಡಿದು ಹೋದರು. ಅಳೆದ ಕಟ್ಟಡಗಳಲ್ಲಿ ಹೆಚ್ಚಿನವು ಗುರಿ ಮೀರಿದ್ದವು, ಕೆಲವು ವಿಪರೀತವಾಗಿ. ತಪ್ಪಿದ್ದೆಲ್ಲಿ? ಸಮುದ್ರ ಕಾಣಲೆಂದು ನೆಲದಿಂದ ಸೂರಿನವರೆಗೆ ಗಾಜು ಹಾಕಿದ್ದರು. ಗಾಜಿನ ಮೂಲಕ ಒಳಬರುವ ಬಿಸಿಲು ಮನೆ ಕಾಯಿಸಲು ಬಹಳ ನೆರವಾಗುತ್ತದೆಂದು ಲೆಕ್ಕದ ಪ್ರೋಗ್ರಾಂ ನಂಬಿಕೊಂಡಿತ್ತು. ಅದೇ ಗಾಜು ಡಿಸೆಂಬರಿನ ಇಪ್ಪತ್ತನಾಲ್ಕು ತಾಸಿನಲ್ಲಿ ಹದಿನೇಳು ತಾಸು ಕತ್ತಲೆಗೆ ಶಾಖ ಸೋರಿಸುತ್ತ ನಿಂತಿರುತ್ತದೆ. ಗೋಡೆ ಮತ್ತು ಚಪ್ಪಡಿ ಕೂಡುವ ಸಂದುಗಳಲ್ಲಿ ಕಾಂಕ್ರೀಟು ಒಳಗಿನಿಂದ ಹೊರಕ್ಕೆ ಶಾಖ ದಾಟಿಸುವ ಸೇತುವೆಯಾಗಿತ್ತು. ಬಾವಿ, ಗಾಳಿಯಂತ್ರ, ಹೀಟ್ ಪಂಪುಗಳೆಲ್ಲ ನೆಟ್ಟಗೆ ಕೆಲಸ ಮಾಡಿ, ಕೈಕೊಟ್ಟದ್ದು ಕಿಟಕಿ!

ಈ ಸುದ್ದಿ ಮುಚ್ಚಿಟ್ಟುಕೊಳ್ಳುವಂಥದಾಗಿತ್ತು. ಜಗತ್ತಿನೆಲ್ಲೆಡೆಯಿಂದ ನಿಯೋಗಗಳು ಬಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದ ಕಾಲವದು. ಆದರೂ ಅಳತೆಯನ್ನು ಪ್ರಕಟಿಸಿದರು. ಬೂ01ರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದು. ನಮ್ಮಲ್ಲಿ ಹಸಿರು ಕಟ್ಟಡದ ಫಲಕವನ್ನು ಗೇಟಿನ ಬಳಿ ಕೂರಿಸಿ, ಉದ್ಘಾಟನೆಯ ಟೇಪು ಕತ್ತರಿಸಿದ ಮೇಲೆ ಕರೆಂಟು ಬಿಲ್ಲನ್ನು ಯಾರು ನೋಡುತ್ತಾರೆ?

ಹಸಿರಿಗೂ ಅಲ್ಲಿ ಇಂಥದೇ ಲೆಕ್ಕವಿತ್ತು. ಬರ್ಲಿನ್ನಿನಿಂದ ಎರವಲು ತಂದ ಒಂದು ಸರಳ ಸೂತ್ರ. ನಿವೇಶನದ ಪ್ರತಿ ಚದರ ಮೀಟರಿಗೂ ಅಂಕ: ನೆಲದ ಮಣ್ಣಿನಲ್ಲೇ ಬೇರಿಳಿಸಿದ ಗಿಡಕ್ಕೆ 1, ಮುಚ್ಚಿದ ಕಾಂಕ್ರೀಟಿಗೆ ಸೊನ್ನೆ, ಗೋಡೆಗೆ ಹಬ್ಬಿದ ಬಳ್ಳಿ, ಚಾವಣಿಯ ಮೇಲಿನ ಹುಲ್ಲು, ನೀರಿಂಗುವ ಜಲ್ಲಿನೆಲ ಇವಕ್ಕೆಲ್ಲ ನಡುವಿನ ಅಂಕಗಳು. ಒಟ್ಟು ಕೂಡಿ ನಿವೇಶನದ ವಿಸ್ತೀರ್ಣದಿಂದ ಭಾಗಿಸಿದರೆ ಸರಾಸರಿ 0.5 ಮುಟ್ಟಬೇಕು. ನಮ್ಮ ಮೂವತ್ತು ನಲವತ್ತರ ಸೈಟಿಗೆ ಇದನ್ನು ಹಾಕಿ ನೋಡಿದೆ. ಮೂಲೆಯಲ್ಲಿ ತೆಂಗಿನ ಮರಕ್ಕೆ ಮೂರಡಿ ಚೌಕದ ಪಾತಿ ಬಿಟ್ಟು ಮಿಕ್ಕದ್ದಕ್ಕೆಲ್ಲ ಸಿಮೆಂಟು, ಟೈಲ್ಸು ಹಾಕಿರುವ ಮನೆಗೆ ಬಂದ ಅಂಕ 0.0075.

ಅಂಕದ ಜೊತೆಗೆ ಒಂದು ಪಟ್ಟಿಯೂ ಇತ್ತು. 35 ಬಾಬುಗಳಲ್ಲಿ ಕಟ್ಟುವವರು ಕನಿಷ್ಠ ಹತ್ತನ್ನು ಆರಿಸಿಕೊಂಡು ಮಾಡಿ ತೋರಿಸಬೇಕು. ಪ್ರತಿ ಮನೆಗೊಂದು ಹಕ್ಕಿಗೂಡಿನ ಪೆಟ್ಟಿಗೆ, ಬಾವಲಿಗೆ ಜೋತು ಬೀಳಲು ಜಾಗ, ಅಂಗಳದಲ್ಲಿ ತರಕಾರಿ ಬೆಳೆಯುವಷ್ಟು ಆಳದ ಮಣ್ಣು, ಕಪ್ಪೆಗೆ ಚಳಿಗಾಲ ಕಳೆಯಲು ಆಸರೆ, ಐವತ್ತು ಬಗೆಯ ಕಾಡುಹೂವು, ಇಂಥವು. ಕಂತ್ರಾಟುದಾರ ಯಾವ ದೇಶದಲ್ಲೂ ಅಗ್ಗದ ಬಾಬಿಗೇ ಮೊದಲು ಕೈ ಹಾಕುತ್ತಾನೆ. ಕಪ್ಪೆಯ ಕೊಳಕ್ಕಿಂತ ಗೂಡುಪೆಟ್ಟಿಗೆ ಸಲೀಸು. ಹಾಗಿದ್ದರೂ ಕಟ್ಟಡದ ಕರಾರುಪತ್ರದಲ್ಲಿ ಕಪ್ಪೆಯ ಹೆಸರು ಬಂತಲ್ಲ.

ಮಳೆನೀರನ್ನು ಪೈಪಿಗೆ ತುರುಕದೆ ಬೀದಿಯಲ್ಲೇ ಓಡಾಡಲು ಬಿಟ್ಟರು. ಚಾವಣಿಯ ದೋಣಿಯಿಂದ ಬಿದ್ದ ನೀರು ಅಂಗಳದ ಕೊಳದಲ್ಲಿ ನಿಂತು, ಹಾಸುಗಲ್ಲಿನ ತೆರೆದ ಕಾಲುವೆಗಿಳಿದು, ಗಿಡಗಳ ಬೇರಿನಲ್ಲಿ ಸೋಸಿಕೊಂಡು ಸಮುದ್ರ ಸೇರುತ್ತದೆ. ಅಡುಗೆಮನೆಯ ಸಿಂಕಿನ ಕೆಳಗೆ ಕೆಲವೆಡೆ ಎಂಜಲು ಅರೆಯುವ ಯಂತ್ರ. ಆ ರೊಚ್ಚು ಜೈವಿಕ ಅನಿಲವಾಗುತ್ತದೆ. ಮಿಕ್ಕ ಕಸವನ್ನು ನೆಲದಡಿಯ ಕೊಳವೆಗಳಲ್ಲಿ ಗಾಳಿ ಎಳೆದೊಯ್ಯುತ್ತದೆ. ಸಮುದ್ರಕ್ಕೆ ಮುಖ ಮಾಡಿದ ಕಟ್ಟಡಗಳು ಎತ್ತರವಾಗಿ ಬೇಲಿಯಂತೆ ನಿಂತಿವೆ. ಅವುಗಳ ಬೆನ್ನಿಗೆ ಕುಳ್ಳ ಮನೆಗಳು, ಸೊಟ್ಟ ಸೊಟ್ಟ ಓಣಿಗಳು. ಈ ಸೊಟ್ಟು ಬೇಕೆಂದೇ ಮಾಡಿದ್ದು. ನೇರ ಬೀದಿಯಲ್ಲಿ ಓರೆಸುಂಡಿನ ಗಾಳಿ ಓಡುತ್ತದೆ, ತಿರುವುಗಳಲ್ಲಿ ಸುಸ್ತಾಗುತ್ತದೆ.

ಎಡವಿದ್ದೂ ಉಂಟು. ಹತ್ತು ಮನೆಗೆ ಏಳು ಕಾರಿನ ಜಾಗ ಸಾಕೆಂದು ಅಷ್ಟೇ ಬಿಟ್ಟಿದ್ದರು. ಸಾಲದೆ ಬಂದು ಆಮೇಲೆ ಬಹುಮಹಡಿ ಪಾರ್ಕಿಂಗ್ ಕಟ್ಟಬೇಕಾಯಿತು. ಬಂದವರು ಕಾರುಳ್ಳ ಉಳ್ಳವರೇ. ಸಮುದ್ರ ಕಾಣುವ ಹೊಸ ಮನೆಗೆ ಹಳೆಯ ಹಡಗು ಕೆಲಸಗಾರನ ಸಂಬಳ ಎಟುಕುವುದಾದರೂ ಹೇಗೆ? 2005ರಲ್ಲಿ ಪಕ್ಕದಲ್ಲೇ ಎದ್ದ 190 ಮೀಟರಿನ ಟರ್ನಿಂಗ್ ಟೋರ್ಸೊ, ಸಾಂಟಿಯಾಗೊ ಕಲತ್ರಾವ ಬರೆದ ಮೈತಿರುಚಿದ ಗೋಪುರ, ಆಕಾಶದಲ್ಲಿ ಕ್ರೇನಿನ ಖಾಲಿ ಜಾಗವನ್ನೇನೋ ತುಂಬಿತು. ಮುಂದಿನ ಹಂತದ ಫ್ಲಾಗ್‌ಹುಸೆನ್ ಎಂಬ ಭಾಗದಲ್ಲಿ ನಗರಸಭೆ ಕಟ್ಟುವವರನ್ನು ಕೂರಿಸಿಕೊಂಡು, ಬಾಡಿಗೆ ಮನೆಗಳಿಗೂ ಮಿತ ಖರ್ಚಿಗೂ ಒತ್ತು ಕೊಡಿಸಿತು. ಸಮುದ್ರದಂಚಿನ ಮರದ ಮೆಟ್ಟಿಲು ಮಾತ್ರ ಮೊದಲಿನಿಂದಲೂ ಎಲ್ಲರದು. ಬಿಸಿಲು ಬಿದ್ದ ದಿನ ಊರಿನ ಎಲ್ಲ ಕಡೆಯಿಂದ ಜನ ಬಂದು ಈಜುತ್ತಾರೆ.

ಮಾಲ್ಮೊಗೆ ಹೋಗುವ ಕನ್ನಡಿಗರಾರಾದರೂ ನನ್ನನ್ನು ಕೇಳಿದರೆ, ಬೂ01 ನೋಡಿದ ಮೇಲೆ ಬಸ್ಸು ಹತ್ತಿ ಆಗಸ್ಟೆನ್‌ಬೋರ್ಗ್‌ಗೂ ಹೋಗಿ ಬನ್ನಿ ಎನ್ನುತ್ತೇನೆ. ಗೋಪುರ, ಸಮುದ್ರ ಎರಡೂ ಇಲ್ಲದ, 1950ರ ಸುಮಾರಿಗೆ ನಗರಸಭೆಯ ವಸತಿ ಕಂಪನಿ ಕಟ್ಟಿದ ಬಾಡಿಗೆ ಮನೆಗಳ ಸಾಧಾರಣ ಬಡಾವಣೆ ಅದು. ಜೋರು ಮಳೆ ಬಂದರೆ ಚರಂಡಿ ಉಕ್ಕಿ ನೆಲಮಾಳಿಗೆಗೆ ಕೊಚ್ಚೆ ನುಗ್ಗುತ್ತಿತ್ತು. ಅನುಕೂಲವಿದ್ದವರು ಮನೆ ಬಿಡುತ್ತಿದ್ದರು. 1998ರಿಂದ ಅಲ್ಲಿಯೂ ಕೆಲಸ ಶುರುವಾಯಿತು, ಇದ್ದ ಮನೆಗಳನ್ನು ಕೆಡವದೆ, ಇದ್ದ ಬಾಡಿಗೆದಾರರನ್ನು ಕೂರಿಸಿ ಕೇಳಿ. ಸುಮಾರು ಆರು ಕಿಲೋಮೀಟರ್ ತೆರೆದ ಕಾಲುವೆ ತೋಡಿದರು, ಹತ್ತು ಕೊಳ ಮಾಡಿದರು. ಶಾಲೆಯ ಅಂಗಳವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಿದರು. ಒಣಗಿದ ದಿನ ಅದು ಮಕ್ಕಳಿಗೆ ಕೂರುವ ಜಾಗ, ಮಳೆಯ ದಿನ ಕೆರೆ. ನಗರಸಭೆಯ ವರ್ಕ್‌ಶಾಪುಗಳ ತಲೆಯ ಮೇಲೆ ಸುಮಾರು ಹತ್ತು ಸಾವಿರ ಚದರ ಮೀಟರ್ ಗಿಡ ಹುಲ್ಲು ಬೆಳೆಸಿದರು.

2014ರ ಆಗಸ್ಟ್ 31ರಂದು ಮಾಲ್ಮೊ ಮೇಲೆ ಕೆಲವೇ ತಾಸುಗಳಲ್ಲಿ 100 ಮಿಲಿಮೀಟರಿನಷ್ಟು ಮಳೆ ಸುರಿಯಿತು. ರಸ್ತೆಗಳು ಮುಳುಗಿದವು, ಊರಿನ ಸಾವಿರಾರು ನೆಲಮಾಳಿಗೆಗಳಿಗೆ ನೀರು ನುಗ್ಗಿತು. ಅಕ್ಕಪಕ್ಕದ ಬಡಾವಣೆಗಳು ಕೊಚ್ಚೆ ಎತ್ತಿ ಹಾಕುತ್ತಿದ್ದಾಗ ಆಗಸ್ಟೆನ್‌ಬೋರ್ಗ್‌ನ ಹೆಚ್ಚಿನ ನೆಲಮಾಳಿಗೆಗಳು ಒಣಗೇ ಇದ್ದವು.